ಮೇಲೆ ಎಣ್ಣೆ, ತಳದಲ್ಲಿ ಗಟ್ಟಿ

ಪೀನಟ್ ಬಟರ್ ಬಾಟಲಿಯನ್ನು ಕಲಕದೆ, ಮೇಲುಮೇಲಿನಿಂದ ಒಂದು ಚಮಚ ಎತ್ತಿಕೊಂಡು, ಮುಚ್ಚಳ ತಿರುಗಿಸಿ, ಏನೂ ಆಗದವರಂತೆ ಹೊರಟುಹೋಗುವ ಒಬ್ಬರು ಪ್ರತಿ ಮನೆಯಲ್ಲೂ ಇರುತ್ತಾರೆ. ಅವರು ಬ್ರೆಡ್ಡಿಗೆ ಹಚ್ಚಿಕೊಂಡದ್ದು ಬಹುಪಾಲು ಎಣ್ಣೆ. ಉಳಿದವರ ಪಾಲಿಗೆ ಬಿಟ್ಟುಹೋದದ್ದು ಬೇಸಿಗೆಯ ಎರೆಮಣ್ಣಿನಂಥ ಗಟ್ಟಿ. ಚಮಚ ಚುಚ್ಚಿದರೆ ಬಾಗುವುದು ಚಮಚವೇ. ಕೆಲವು ವಾರ ಕಳೆದ ಮೇಲೆ ಅದೇ ಬಾಟಲಿಯ ತಳದಿಂದ ಯಾರೋ ಹಿಟ್ಟಿಲ್ಲದ ಮೆತ್ತನೆಯ ಕುಕಿ ಮಾಡಲು ಹೊರಡುತ್ತಾರೆ. ಕುಕಿ ತಟ್ಟೆಗೆ ಬರುವ ಮೊದಲೇ ಪುಡಿಪುಡಿ. 'ಗ್ಲುಟನ್ ಇಲ್ಲ ಅಂದ್ಮೇಲೆ ಇಷ್ಟೇ ಬಿಡಿ' ಎಂದು ತೀರ್ಪು ಬರುತ್ತದೆ. ಪಾಪ, ಗೋಧಿಹಿಟ್ಟಿಗೆ ಅಂಟು ಕೊಡುವ ಗ್ಲುಟನ್ ಎಂಬ ಪ್ರೋಟೀನಿಗೂ ಇದಕ್ಕೂ ಸಂಬಂಧವೇ ಇಲ್ಲ. ತಪ್ಪೆಲ್ಲ ಆ ಮೊದಲ ಚಮಚದ್ದು.

ಕಡಲೆಬೀಜದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆಯೇ. ಅರೆದಾಗ ಪುಡಿ ಆ ಎಣ್ಣೆಯಲ್ಲಿ ತೇಲಾಡುತ್ತಿರುತ್ತದೆ, ನಿಂತಲ್ಲೇ ನಿಂತರೆ ಕೆಳಗಿಳಿಯುತ್ತದೆ. ಬ್ರೆಡ್ಡಿಗೆ ಹಚ್ಚುವವರಿಗೆ ಇದು ದೊಡ್ಡ ವಿಷಯವಲ್ಲ. ಆದರೆ ಹಿಟ್ಟೇ ಹಾಕದ ಕುಕಿಯಲ್ಲಿ ಹಿಟ್ಟಿನ ಕೆಲಸ ಮಾಡಬೇಕಾದದ್ದು ಆ ಪುಡಿ, ಬೆಣ್ಣೆಯ ಕೆಲಸ ಮಾಡಬೇಕಾದದ್ದು ಆ ಎಣ್ಣೆ. ಬಾಟಲಿಯ ಮೇಲ್ಭಾಗದಿಂದ ತೆಗೆದರೆ ಕುಕಿ ಟ್ರೇ ತುಂಬ ಹರಡಿ, ಅಂಚು ಕರಿದಂತಾಗಿ, ಕೈಗೆ ಜಿಡ್ಡು ಹತ್ತುತ್ತದೆ. ತಳದಿಂದ ತೆಗೆದರೆ ಉಂಡೆ ಕಟ್ಟುವಾಗಲೇ ಬಿರುಕು. ಹೊಸ ಬಾಟಲಿಯನ್ನು ಹಿಂದಿನ ರಾತ್ರಿಯೇ ಬೋರಲು ಇಡಬೇಕು. ಬೆಳಿಗ್ಗೆ ಉದ್ದನೆಯ ಚಾಕುವಿನ ಮೊಂಡು ಬೆನ್ನಿನಿಂದ ತಳ ಮುಟ್ಟಿಸಿ ಮೂರುನಾಲ್ಕು ನಿಮಿಷ ಕಲಕಬೇಕು. ಆಮೇಲೆ ಫ್ರಿಜ್ಜಿಗೆ. ತಣ್ಣಗಿದ್ದರೆ ಎಣ್ಣೆ ಮಂದವಾಗುತ್ತದೆ, ಮತ್ತೆ ಬೇರೆಯಾಗಲು ಬಹಳ ಕಾಲ ಹಿಡಿಯುತ್ತದೆ. ತಳದ ಗಟ್ಟಿ ಮಾತ್ರ ಉಳಿದಿದ್ದರೆ ಬಾಟಲಿಯನ್ನು ಬಿಸಿನೀರಲ್ಲಿ ಹತ್ತು ನಿಮಿಷ ನಿಲ್ಲಿಸಿ, 100 ಗ್ರಾಮಿಗೆ ಎರಡು ಟೀ ಚಮಚದಂತೆ ಕಡಲೆಕಾಯಿ ಎಣ್ಣೆ ಸೇರಿಸಿ ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ. ನೀರು ಮಾತ್ರ ಬೇಡ. ತೆಳ್ಳಗಾಗಲೆಂದು ಒಂದು ಚಮಚ ನೀರು ಹಾಕಿದರೆ ಅದು ತೆಳ್ಳಗಾಗುವ ಬದಲು ಇನ್ನೂ ಬಿಗಿದುಕೊಳ್ಳುತ್ತದೆ.

ಇದೆಲ್ಲ ರಗಳೆ ಏಕೆ, ಎಣ್ಣೆ ತೇಲದ ಬಾಟಲಿಗಳೂ ಅಂಗಡಿಯಲ್ಲಿ ಸಿಗುತ್ತವಲ್ಲ ಎನ್ನಬಹುದು. ಸಿಗುತ್ತವೆ. ಅದಕ್ಕೊಂದು ಕಥೆಯಿದೆ, ಸ್ವಲ್ಪ ಉದ್ದದ್ದು.

1920ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಜೋಸೆಫ್ ರೋಸ್‌ಫೀಲ್ಡ್ ಎಂಬಾತ ಅರೆದ ಕಡಲೆಬೀಜಕ್ಕೆ ಹೈಡ್ರೋಜನ್ ಹಾಯಿಸಿ ಗಟ್ಟಿಮಾಡಿದ ಎಣ್ಣೆಯನ್ನು ಸೇರಿಸುವ ವಿಧಾನ ಕಂಡುಹಿಡಿದ. ಮಾಮೂಲಿ ಬಿಸಿಲಲ್ಲಿ ಕರಗದ ಆ ಜಿಡ್ಡು ಒಳಗೆಲ್ಲ ಹರಳುಗಟ್ಟಿ ಎಣ್ಣೆಯನ್ನು ಹಿಡಿದು ಕೂರಿಸಿತು. ಕಲಕುವ ಕೆಲಸ ತಪ್ಪಿತು. ಜನ ಖುಷಿಪಟ್ಟರು. ಜನರಿಗಿಂತ ಹೆಚ್ಚು ಖುಷಿಪಟ್ಟವರು ತಯಾರಕರು, ಏಕೆಂದರೆ ಸೇರಿಸುವ ಜಿಡ್ಡು ಕಡಲೆಬೀಜಕ್ಕಿಂತ ಅಗ್ಗ. ಒಂದು ಚಿಟಿಕೆ ಹಾಕುವವರು ಒಂದು ಹಿಡಿ ಹಾಕತೊಡಗಿದರು, ಜೊತೆಗೆ ಸಕ್ಕರೆ. 1959ರ ಹೊತ್ತಿಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತಕ್ಕೆ ಎಚ್ಚರವಾಗಿ, ಪೀನಟ್ ಬಟರ್ ಎಂದು ಹೆಸರಿಟ್ಟುಕೊಳ್ಳುವುದರಲ್ಲಿ ಶೇ. 95ರಷ್ಟು ಕಡಲೆಬೀಜವಾದರೂ ಇರಲಿ ಎಂದಿತು. ತಯಾರಕರು ಕುಪ್ಪಳಿಸಿ ಎದ್ದರು. ಜಗ್ಗಾಡಿ ಜಗ್ಗಾಡಿ ವ್ಯಾಜ್ಯ ನಿಂತದ್ದು ಎರಡು ಅಂಕಿಗಳ ನಡುವೆ: ಸರ್ಕಾರ 90 ಎಂದಿತು, ಕಂಪನಿಗಳು 87 ಎಂದವು.

ಮೂರು. ಕೇವಲ ಮೂರು. ಇದಕ್ಕಾಗಿ 1960ರ ದಶಕದ ಮಧ್ಯದಲ್ಲಿ ವಾಷಿಂಗ್ಟನ್ನಿನಲ್ಲಿ ವಾರಗಟ್ಟಲೆ ವಿಚಾರಣೆ ನಡೆಯಿತು. ವಕೀಲರು ಬಂದರು, ರಸಾಯನಶಾಸ್ತ್ರಜ್ಞರು ಬಂದರು, ಬ್ರೆಡ್ಡಿಗೆ ಸವರಿದಾಗ ಹರಿಯುತ್ತದೋ ಇಲ್ಲವೋ ಎಂದು ಹೇಳುವವರು ಬಂದರು. ವಿಚಾರಣೆಯ ದಾಖಲೆ ಏಳು ಸಾವಿರ ಪುಟ ದಾಟಿತು. ಗೃಹಿಣಿಯರ ಒಕ್ಕೂಟ ಕಟ್ಟಿಕೊಂಡಿದ್ದ ರೂತ್ ಡೆಸ್ಮಂಡ್ ಎಂಬ ಹೆಂಗಸು ಬಿಡದೆ ಅಲ್ಲಿ ಹಾಜರಾಗಿ, ಬಾಟಲಿಯಲ್ಲಿ ಕಡಲೆಬೀಜ ಇರಬೇಕಪ್ಪಾ ಎಂಬ ಸರಳ ಮಾತನ್ನು ದೊಡ್ಡ ದೊಡ್ಡ ವಕೀಲರೆದುರು ಹಿಡಿದುಕೊಂಡು ಕೂತರು. ಕಂಪನಿಗಳು ಕೋರ್ಟಿಗೂ ಹೋದವು, ಅಲ್ಲೂ ಸೋತವು. ಕೊನೆಗೆ 1971ರಲ್ಲಿ 90 ಜಾರಿಗೆ ಬಂತು. ಅದಕ್ಕಿಂತ ಕಡಿಮೆ ಇದ್ದರೆ ಅಲ್ಲಿ ಅದನ್ನು 'ಸ್ಪ್ರೆಡ್' ಎಂದು ಮಾರಬೇಕು. ಹನ್ನೆರಡು ವರ್ಷ!

ನಗುವವರು ನಗಲಿ. ಒಂದು ಸಲದ ಕುಕಿಗೆ ಬೇಕಾಗುವ 250 ಗ್ರಾಮು ಪೀನಟ್ ಬಟರಿಗೆ ಲೆಕ್ಕ ಹಾಕಿದರೆ ಶೇ. 3 ಅಂದರೆ ಏಳೂವರೆ ಗ್ರಾಮು. ಆ ಮಿಶ್ರಣಕ್ಕೆ ಒಂದೂವರೆ ಟೀ ಚಮಚ ಎಣ್ಣೆ ಹೆಚ್ಚಿಗೆ ಸುರಿದು ನೋಡಿ, ಕುಕಿಗಳು ಒಂದಕ್ಕೊಂದು ಅಂಟಿಕೊಂಡು ಟ್ರೇಯಗಲ ಒಂದೇ ಹಪ್ಪಳವಾಗುತ್ತವೆ. ಕುಕಿ ಮಾಡುವವರಿಗೆ ರೂತ್ ಡೆಸ್ಮಂಡ್ ಅತಿಮಾಡಿದರು ಎನಿಸುವುದಿಲ್ಲ. ಅತಿಮಾಡುವವರು, ಬಾಟಲಿಯ ಮುಂದೆ ಕಡಲೆಕಾಯಿಯ ದೊಡ್ಡ ಚಿತ್ರ ಹಾಕಿ ಹಿಂದೆ ಇರುವೆಗಾತ್ರದ ಅಕ್ಷರದಲ್ಲಿ ಸಕ್ಕರೆ, ತಾಳೆಎಣ್ಣೆ ಎಂದು ಬರೆಯುವವರು. ಎಣ್ಣೆ ತೇಲದ ಬಾಟಲಿಯಿಂದ ಕುಕಿ ಚೆನ್ನಾಗಿಯೇ ಬರುತ್ತದೆ, ಆಕಾರ ನಿಲ್ಲುತ್ತದೆ, ಸ್ವಲ್ಪ ಜಗಿಯುವಂತೆಯೂ ಇರುತ್ತದೆ ಎಂಬುದನ್ನು ನ್ಯಾಯಕ್ಕೆ ಹೇಳಲೇಬೇಕು. ಸಕ್ಕರೆ ಮೊದಲೇ ಇದ್ದರೆ ಕುಕಿಗೆ ಹಾಕುವ ಸಕ್ಕರೆಯಲ್ಲಿ 20–30 ಗ್ರಾಮು ಕಡಿಮೆ ಮಾಡಬೇಕು, ಅಷ್ಟೆ.

ಮನೆಯಲ್ಲೇ ಅರೆಯುವುದಾದರೆ ಬೀಜವನ್ನು ಸಣ್ಣ ಉರಿಯಲ್ಲಿ ಒಳಗಿನವರೆಗೂ ಹುರಿದು, ಸಿಪ್ಪೆ ಉಜ್ಜಿ ತೂರಿ, ಬಿಸಿ ಇರುವಾಗಲೇ ಮಿಕ್ಸಿಗೆ ಹಾಕಬೇಕು. ಚಟ್ನಿ ಜಾರಿಗೆ ಒಂದು ಸಲಕ್ಕೆ 150 ಗ್ರಾಮು ಸಾಕು. ಮೊದಲು ಪುಡಿ, ಆಮೇಲೆ ಜಾರಿನ ಗೋಡೆಗೆ ಅಂಟಿಕೊಳ್ಳುವ ಮುದ್ದೆ. ಬಹಳ ಜನ ಇಲ್ಲೇ ಕೈಬಿಟ್ಟು ಎಣ್ಣೆ ಸುರಿಯುತ್ತಾರೆ. ಸುರಿಯಬೇಡಿ. ಅರ್ಧ ನಿಮಿಷ ತಿರುಗಿಸಿ, ನಿಲ್ಲಿಸಿ, ಕೆರೆದು, ಮತ್ತೆ ತಿರುಗಿಸಿದರೆ ಐದಾರು ನಿಮಿಷದಲ್ಲಿ ತಾನೇ ಎಣ್ಣೆ ಬಿಟ್ಟು ಹೊಳೆಯುತ್ತದೆ. ಶೇಂಗಾ ಚಟ್ನಿಯನ್ನು ಎಣ್ಣೆ ಬಿಡುವ ತನಕ ಒರಳಲ್ಲಿ ಕುಟ್ಟುವ ಸೊಲ್ಲಾಪುರದ ಕಡೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಇಷ್ಟಕ್ಕೂ ಕುಕಿ ಮೆತ್ತಗೆ ಏಕಿರಬೇಕು? ನಮ್ಮಲ್ಲಿ ನಿಪ್ಪಟ್ಟು, ಚಕ್ಕುಲಿ, ಬೇಕರಿಯ ಖಾರಾ ಬಿಸ್ಕತ್ತು ಎಲ್ಲಕ್ಕೂ ಗರಿಗರಿಯೇ ಮರ್ಯಾದೆ. ಮಳೆಗಾಲದಲ್ಲಿ ಬಿಸ್ಕತ್ತು ಮೆತ್ತಗಾದರೆ ಡಬ್ಬಿಯ ಮುಚ್ಚಳ ಸರಿಯಾಗಿ ಹಾಕದವರಿಗೆ ಬೈಗುಳ ಬೀಳುತ್ತದೆ. ಅದೇ ಮೆತ್ತಗಿನದನ್ನು ಕೆಫೆಯಲ್ಲಿ ಗಾಜಿನ ಹಿಂದೆ ಇಟ್ಟರೆ ಒಂದಕ್ಕೆ ನೂರಾರು ರೂಪಾಯಿ ಕೊಟ್ಟು ತಿನ್ನುತ್ತಾರೆ. ಇದರಲ್ಲಿ ಮನುಷ್ಯರ ರುಚಿಯ ಬಗ್ಗೆ ಏನೋ ಒಂದು ದೊಡ್ಡ ಸತ್ಯವಿದೆ. ಅದನ್ನು ಆಮೇಲೆ ನೋಡೋಣ, ಮೊದಲು ಓವನ್ ಹಚ್ಚಿ.

250 ಗ್ರಾಮು ಪೀನಟ್ ಬಟರ್, 150 ಗ್ರಾಮು ಕಂದು ಸಕ್ಕರೆ, ಒಂದು ಮೊಟ್ಟೆ, ಅರ್ಧ ಟೀ ಚಮಚ ಅಡುಗೆ ಸೋಡ, ಕಾಲು ಚಮಚ ಉಪ್ಪು. ಇಷ್ಟೇ. ತಕ್ಕಡಿಯಲ್ಲಿ ತೂಗಿ. 'ಒಂದು ಕಪ್' ಎಂದು ಬರೆಯುವವರ ಕಪ್ಪು ಅಮೆರಿಕದ್ದಾದರೆ ಸುಮಾರು 240 ಮಿಲಿಲೀಟರು, ನಮ್ಮ ಮನೆಯ ಕಾಫಿ ಕಪ್ಪು ಅದರ ಅರ್ಧವೂ ಇರಬಹುದು, ಮುಕ್ಕಾಲೂ ಇರಬಹುದು; ಅಂಟುವ ಪದಾರ್ಥವನ್ನು ಕಪ್ಪಿನಲ್ಲಿ ಅಳೆಯುವುದೇ ಒಂದು ಶಿಕ್ಷೆ. ಕಂದು ಸಕ್ಕರೆಯಲ್ಲಿ ಉಳಿದಿರುವ ಕಾಕಂಬಿ ತೇವವನ್ನು ಬಿಟ್ಟುಕೊಡುವುದಿಲ್ಲ, ಕುಕಿ ಮೆತ್ತಗಿರಲು ಅದೇ ಮುಖ್ಯ ಕಾರಣ. ಬಿಳಿ ಸಕ್ಕರೆ ಹಾಕಿದರೆ ಆರಿದ ಮೇಲೆ ಕುರುಕಲಾಗುತ್ತದೆ. ಬೆಲ್ಲದ ಪುಡಿಯೂ ನಡೆಯುತ್ತದೆ, ಆದರೆ ಜರಡಿ ಹಿಡಿಯದ ಬೆಲ್ಲದಲ್ಲಿ ಕಲ್ಲು ಸಿಕ್ಕೀತು. ಬೆಲ್ಲ ಬೇಗ ಕೆಂಪಾಗುವುದರಿಂದ ಶಾಖ ಹತ್ತು ಡಿಗ್ರಿ ಇಳಿಸಬೇಕು. ಸೋಡ ಹೆಚ್ಚಾದರೆ ಬಣ್ಣ ಕಪ್ಪಿಟ್ಟು ಬಾಯಲ್ಲಿ ಸೋಪಿನ ರುಚಿ ನಿಲ್ಲುತ್ತದೆ.

ಎಲ್ಲವನ್ನೂ ಮರದ ಚಮಚದಲ್ಲಿ ಕಲಸಿ. ಗ್ಲುಟನ್ ಇಲ್ಲವಾದ್ದರಿಂದ ಎಷ್ಟು ಕಲಸಿದರೂ ರಬ್ಬರಾಗುವ ಭಯವಿಲ್ಲ. ಆದರೆ ಅತಿಯಾಗಿ ನಾದಿದರೆ ಎಣ್ಣೆ ಹೊರಬರುತ್ತದೆ. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, 25 ಗ್ರಾಮಿನ ಉಂಡೆ ಕಟ್ಟಿದರೆ 18 ಆಗುತ್ತವೆ. ಬಟರ್ ಪೇಪರ್ ಹಾಸಿದ ಟ್ರೇಗೆ ಎಣ್ಣೆ ಸವರುವ ಅಗತ್ಯವಿಲ್ಲ, ಒಳಗೇ ಬೇಕಾದಷ್ಟಿದೆ. ಉಂಡೆಯನ್ನು ಫೋರ್ಕಿನಿಂದ ಅಡ್ಡಡ್ಡ, ಉದ್ದುದ್ದ ಒತ್ತುವುದು ಅಮೆರಿಕದಲ್ಲಿ 1930ರ ದಶಕದಿಂದ ಬಂದ ರೂಢಿ. ಅದು ಬರೀ ಅಲಂಕಾರವಲ್ಲ, ದಟ್ಟವಾದ ಉಂಡೆ ತಾನಾಗಿ ಚಪ್ಪಟೆಯಾಗುವುದು ಕಡಿಮೆ, ಒತ್ತದಿದ್ದರೆ ಅಂಚು ಬೆಂದರೂ ನಡು ಹಸಿ.

175 ಡಿಗ್ರಿಯಲ್ಲಿ ಹತ್ತು ನಿಮಿಷ. ಓಟಿಜಿಯಾದರೆ (ಮನೆಬಳಕೆಯ ಸಣ್ಣ ಕರೆಂಟ್ ಓವನ್) ಕಾಲು ಗಂಟೆ ಮೊದಲೇ ಕಾಯಿಸಿ, ಟ್ರೇಯನ್ನು ನಡುವಿನ ಕಂಬಿಯ ಮೇಲಿಡಿ. ಓಟಿಜಿಯ ಗುಂಡಿಯ ಮೇಲೆ ಬರೆದ ಅಂಕಿಯನ್ನು ನಂಬುವವರು ಇನ್ನೂ ಇದ್ದಾರೆ. ಅದರ 175 ಕೆಲವೊಮ್ಮೆ 150, ಕೆಲವೊಮ್ಮೆ 200. ಒಳಗೆ ತೂಗುಹಾಕುವ ಸಣ್ಣ ಥರ್ಮಾಮೀಟರು ಒಂದಿದ್ದರೆ ಅರ್ಧ ಜಗಳ ಮುಗಿದಂತೆ. ಫ್ಯಾನ್ ಇರುವ ಓವನ್ನಿಗೆ 160 ಸಾಕು. ಅಂಚು ಗಟ್ಟಿಯಾಗಿ ನಡು ಇನ್ನೂ ಹಸಿಹಸಿ ಕಾಣುವಾಗಲೇ ಟ್ರೇ ಹೊರಬರಬೇಕು. ಎಲ್ಲರೂ ಎಡವುವುದು ಇಲ್ಲೇ. 'ಇನ್ನೆರಡು ನಿಮಿಷ ಇರಲಿ' ಎಂಬ ಹಿತೈಷಿಗಳ ಮಾತು ಕೇಳಿದಿರೋ, ಆರಿದ ಮೇಲೆ ಕುಕಿ ಮರಳು. ಹೊರಬಂದ ತಕ್ಷಣ ಕೈಹಾಕಿದರೂ ಮುರಿಯುತ್ತದೆ, ಏಕೆಂದರೆ ಇದನ್ನು ಹಿಡಿದಿಡುವುದು ಮೊಟ್ಟೆ ಮತ್ತು ಆರಿದ ಸಕ್ಕರೆ ಮಾತ್ರ. ಹತ್ತು ನಿಮಿಷ ಟ್ರೇ ಮೇಲೆಯೇ ಬಿಡಿ.

ಮೊಟ್ಟೆ ತಿನ್ನದವರು ಒಂದು ದೊಡ್ಡ ಚಮಚ ಅಗಸೆ ಪುಡಿಯನ್ನು ಮೂರು ದೊಡ್ಡ ಚಮಚ ಬಿಸಿನೀರಲ್ಲಿ ಕಲಸಿ, ಲೋಳೆಯಾಗುವವರೆಗೆ ಬಿಟ್ಟು ಹಾಕಬಹುದು. ಕುಕಿ ಇನ್ನಷ್ಟು ಮೆತ್ತಗೆ, ಇನ್ನಷ್ಟು ದುರ್ಬಲ. ನೀರು ಹಾಕಬೇಡಿ ಎಂದಿರಲ್ಲ ಎಂದು ಕೇಳುವವರಿಗೆ: ಈ ನೀರು ಲೋಳೆಯೊಳಗೆ ಸಿಕ್ಕಿಬಿದ್ದಿದೆ, ಜೊತೆಗೆ ಸಕ್ಕರೆಯೂ ಇದೆ. ಬಾಳೆಹಣ್ಣು ಹಾಕಿದರೆ ಅದು ಕುಕಿಯಲ್ಲ, ಬಾಳೆಹಣ್ಣಿನ ಕೇಕು. ಗೋಡಂಬಿಯ ಬೆಣ್ಣೆ ಕಡಲೆಬೀಜದ್ದಕ್ಕಿಂತ ಮೃದು, ಅದರಲ್ಲಿ ಪಿಷ್ಟ ಹೆಚ್ಚು. ಬಾದಾಮಿಯದು ದುಬಾರಿ, ರುಚಿ ಸಾಧಾರಣ ಎಂಬುದು ನನ್ನ ಖಚಿತ ಮತ. ಸೂರ್ಯಕಾಂತಿ ಬೀಜದ್ದು ಬಳಸಿದರೆ ಕುಕಿ ಆರುತ್ತಾ ಒಳಗೆಲ್ಲ ಹಸಿರಾಗುತ್ತದೆ. ಬೂಷ್ಟಲ್ಲ, ವಿಷವಲ್ಲ, ಬೀಜದಲ್ಲಿರುವ ಕ್ಲೋರೋಜೆನಿಕ್ ಆಮ್ಲ ಸೋಡದ ಜೊತೆ ಸೇರಿ ತೋರುವ ಬಣ್ಣ. ಸೋಡ ಅರ್ಧಕ್ಕಿಳಿಸಿ ಒಂದು ಚಮಚ ನಿಂಬೆರಸ ಹಿಂಡಿದರೆ ಹಸಿರು ಕಡಿಮೆಯಾಗುತ್ತದೆ.

ಈಗ ಸಿಟ್ಟಿನ ವಿಷಯ. ಗ್ಲುಟನ್ ತಿಂದರೆ ಕರುಳು ಕೆಡುವ ಸೀಲಿಯಾಕ್ ಕಾಯಿಲೆ ಇರುವವರಿಗೆ ಗೋಧಿ ಬೇಡ ಎನ್ನುವುದು ಚಟವಲ್ಲ. ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಂ ಡಿಕ್ಕೆ ಗೋಧಿಗೂ ಈ ಕಾಯಿಲೆಗೂ ಇರುವ ನಂಟನ್ನು ತೋರಿಸಿ 1950ರಲ್ಲಿ ಪ್ರಬಂಧ ಬರೆದ ಮೇಲೆ ಅದು ವೈದ್ಯಲೋಕಕ್ಕೆ ಗೊತ್ತಿರುವ ವಿಷಯ. ಆದರೂ ನೆಂಟರ ಮನೆಯಲ್ಲಿ 'ಮೈದಾ ಹಾಕಿಲ್ಲ ಮಾರಾಯ್ರೇ, ಬರೀ ಚಿರೋಟಿ ರವೆ' ಎಂದು ತಟ್ಟೆ ಮುಂದಿಡುತ್ತಾರೆ. ಚಿರೋಟಿ ರವೆ ಎಲ್ಲಿಂದ ಬಂತೆಂದುಕೊಂಡಿದ್ದಾರೋ! ರಾಗಿ, ಜೋಳ, ಅಕ್ಕಿಯಲ್ಲಿ ಗ್ಲುಟನ್ ಇಲ್ಲ, ನಿಜ. ಆದರೆ ಗಿರಣಿಯಲ್ಲಿ ಗೋಧಿ ಬೀಸಿದ ಬೆನ್ನಿಗೇ ಬೀಸಿದ ರಾಗಿಹಿಟ್ಟಿನಲ್ಲಿ ಗೋಧಿಯೂ ಬರುತ್ತದೆ. ಅಂಗಡಿಯ ಇಂಗಿನ ಡಬ್ಬಿಯ ಹಿಂಬದಿ ಓದಿ, ಬಹಳಷ್ಟರಲ್ಲಿ ಗೋಧಿಹಿಟ್ಟು ಇರುತ್ತದೆ. ಗ್ಲುಟನ್ ಫ್ರೀ ಎಂದು ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಮು ಮೀರುವಂತಿಲ್ಲ ಎಂಬುದು ನಮ್ಮ ದೇಶದ ನಿಯಮ. ಚಪಾತಿ ಲಟ್ಟಿಸಿದ ಮಣೆಯ ಮೇಲೆ ಉಂಡೆ ಒತ್ತಿದರೆ ಆ ಲೆಕ್ಕವೆಲ್ಲ ಗೋವಿಂದ. ಬಾಟಲಿಗೂ ಇದೇ ಮಾತು: ಬ್ರೆಡ್ಡಿಗೆ ಸವರಿದ ಚಾಕುವನ್ನು ವಾಪಸು ಬಾಟಲಿಗೆ ಅದ್ದುವವರೇ ಕಲಕದೆ ಹೋಗುವವರೂ ಆಗಿರುತ್ತಾರೆ. ಕುಕಿಗೆಂದು ಬೇರೆ ಬಾಟಲಿ ಇಟ್ಟು, ಮುಚ್ಚಳದ ಮೇಲೆ ದಪ್ಪಕ್ಷರದಲ್ಲಿ ಬರೆದು, ಹಿಂದಿನ ಸಾಲಿನಲ್ಲಿ ಬಚ್ಚಿಡುವುದೊಂದೇ ದಾರಿ.

ರುಚಿಯ ದೊಡ್ಡ ಸತ್ಯವೊಂದನ್ನು ಹೇಳುತ್ತೇನೆ ಎಂದಿದ್ದೆ. ಅಷ್ಟರಲ್ಲಿ ಶೇಖರಣೆಯ ಪ್ರಶ್ನೆ ಅಡ್ಡಬಂತು. ಗಾಳಿಯಾಡದ ಡಬ್ಬಿಯಲ್ಲಿ ಕುಕಿ ನಾಲ್ಕೈದು ದಿನ ಮೆತ್ತಗಿರುತ್ತದೆ. ಕಟ್ಟಿದ ಉಂಡೆಗಳನ್ನು ಫ್ರೀಜರಿನಲ್ಲಿಟ್ಟರೆ ಒಂದು ತಿಂಗಳಿಗೆ ಮೋಸವಿಲ್ಲ, ಬೇಯಿಸುವಾಗ ಎರಡು ನಿಮಿಷ ಹೆಚ್ಚು. ಒಣಗುತ್ತಿದ್ದರೆ ಡಬ್ಬಿಯೊಳಗೆ ಒಂದು ಹೋಳು ಬ್ರೆಡ್ ಇಡಿ ಎನ್ನುವುದು ಪಶ್ಚಿಮದವರ ಹಳೆಯ ಉಪಾಯ. ಇಷ್ಟೆಲ್ಲ ಗೋಧಿ ತಪ್ಪಿಸಿ, ಮಣೆ ಬದಲಿಸಿ, ಬಾಟಲಿ ಬಚ್ಚಿಟ್ಟು, ಕೊನೆಗೆ ಡಬ್ಬಿಯೊಳಗೆ ಬ್ರೆಡ್ಡು! ಸೇಬಿನ ಹೋಳನ್ನು ಬಟರ್ ಪೇಪರಿನ ಮೇಲಿಟ್ಟರೂ ಅದೇ ಕೆಲಸವಾಗುತ್ತದೆ. ಮಾರನೆಯ ದಿನ ತೆಗೆದುಬಿಡಿ, ಇಲ್ಲವಾದರೆ ಬೂಷ್ಟು.