ಅರೆಪಾವಿನ ಮ್ಯಾರಥಾನು

ಮತ್ತೊಂದು ಮ್ಯಾರಥಾನ್ ಮುಗಿಯಿತು. ಫೋಟೋ ನೀವೂ ನೋಡಿರುತ್ತೀರಿ. ಹಸಿರು ಬಾವುಟ ಒಂದು, ಅದನ್ನು ಹಿಡಿದ ಕೈ ಹನ್ನೊಂದು. ಹಿಂದೆ ಒಂದೇ ಬಣ್ಣದ ಟಿ-ಶರ್ಟು ತೊಟ್ಟ ಹುಡುಗರ ಹಿಂಡು. ಕೆಳಗೆ ಅಡಿಬರಹ: ಜಾಗೃತಿಗಾಗಿ 5 ಕಿ.ಮೀ. ಮ್ಯಾರಥಾನ್. ಯಾವ ಜಾಗೃತಿ ಎಂದು ಕೇಳಬೇಡಿ. ಒಮ್ಮೆ ಮಾದಕ ವಸ್ತು, ಒಮ್ಮೆ ಮತದಾನ, ಒಮ್ಮೆ ಹೃದಯ, ಒಮ್ಮೆ ಸ್ವಚ್ಛತೆ. ಊರಿನಲ್ಲಿ ಏನೇ ಕೆಡಲಿ, ಹುಡುಗರನ್ನು ಓಡಿಸಿದರೆ ಸರಿಹೋಗುತ್ತದೆ ಎಂಬುದು ನಮ್ಮವರು ಕಂಡುಕೊಂಡ ಮದ್ದು.

ಮ್ಯಾರಥಾನ್ ಅಂದರೆ 42.195 ಕಿಲೋಮೀಟರ್. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಡಿದ ದೂರ ಅದು, 1921ರಲ್ಲಿ ಅದನ್ನೇ ಕಾಯಂ ಮಾಡಿದರು. ನಮ್ಮ ಲೆಕ್ಕದಲ್ಲಿ ಹೇಳಬೇಕೆಂದರೆ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಓಡಿ, ಅಲ್ಲಿ ಕೂತು ಚಹಾ ಸಹ ಕುಡಿಯದೆ ತಿರುಗಿ ಹುಬ್ಬಳ್ಳಿಗೆ ಓಡಿಬಂದರೆ ಹೆಚ್ಚೂಕಡಿಮೆ ಒಂದು ಮ್ಯಾರಥಾನ್. 5 ಕಿಲೋಮೀಟರ್ ಇದರ ಎಂಟನೇ ಒಂದು ಪಾಲೂ ಆಗುವುದಿಲ್ಲ. ಸೇರಿಗೆ ನಾಲ್ಕು ಪಾವು, ಎಂಟನೇ ಪಾಲು ಅಂದರೆ ಅರೆಪಾವು, ಅದೂ ತುಸು ಕೊರತೆ. ಅರೆಪಾವು ಜೋಳ ಸುರಿದು ಸೇರು ತುಂಬಿತು ಅಂದರೆ ಎಪಿಎಂಸಿಯ ಹಮಾಲನೂ ನಕ್ಕಾನು. ಸಂಘಟಕರಿಗೆ ಮಾತ್ರ ನಗು ಬರುವುದಿಲ್ಲ. "ಮಿನಿ ಮ್ಯಾರಥಾನ್ ರೀ ಅದು" ಎನ್ನುತ್ತಾರೆ. ಆಯಿತು ಬಿಡಿ, ಮಿನಿ ಸೇರು.

ಪೋಸ್ಟರಿನಲ್ಲಿ ಬೆಳಿಗ್ಗೆ ಆರು ಗಂಟೆ ಎಂದಿರುತ್ತದೆ. ಓಡುವವರು ಐದೂವರೆಗೇ ಬಂದು ಕೈಕಾಲು ಆಡಿಸಿ, ಎರಡು ಸುತ್ತು ಮೆಲ್ಲಗೆ ಓಡಿ ಮೈ ಬಿಸಿ ಮಾಡಿಕೊಳ್ಳುತ್ತಾರೆ. ಅತಿಥಿಗಳು ಬರುವುದು ಏಳೂ ಹತ್ತಕ್ಕೆ. ಸ್ವಾಗತ ಗೀತೆ, ದೀಪ, ಹಾರ, ಶಾಲು. ನಡೆದಾಡುವುದು ಆರೋಗ್ಯಕ್ಕೆ ಎಷ್ಟು ಒಳ್ಳೆಯದು ಎಂಬ ವಿಷಯದ ಮೇಲೆ ಇಪ್ಪತ್ತು ನಿಮಿಷ. ಮಾತಾಡುವವರು ಗೇಟಿನಿಂದ ವೇದಿಕೆಯವರೆಗೆ ನಡೆಯುವುದು ತಪ್ಪಲೆಂದು ಕಾರನ್ನು ಗ್ರೌಂಡಿನೊಳಗೇ ತಂದಿರುತ್ತಾರೆ. ಅಷ್ಟು ಹೊತ್ತಿಗೆ ಬಿಸಿ ಮಾಡಿಕೊಂಡ ಮೈ ಆರಿ, ಮೀನಖಂಡ ಮತ್ತೆ ಬಿಗಿದಿರುತ್ತದೆ. ಬಿಸಿಲು ಏರಿರುತ್ತದೆ. ಬಿಸಿಲಲ್ಲಿ ಓಡುವಾಗ ಮೈ ತಂಪಾಗಲು ರಕ್ತದ ಒಂದು ಪಾಲು ಚರ್ಮದ ಕಡೆ ಹೋಗಬೇಕು, ಕಾಲಿಗೂ ಬೇಕಾದಷ್ಟು ಸಿಗಬೇಕು. ಹಾಗಾಗಿ ಅದೇ ವೇಗಕ್ಕೆ ಹೃದಯ ಹೆಚ್ಚು ಬಡಿಯುತ್ತದೆ. ಆರು ಗಂಟೆಯ ತಂಪಿನಲ್ಲಿ 150 ಇರುವ ಬಡಿತ ಎಂಟರ ಬಿಸಿಲಿಗೆ 165 ಆದರೆ ಗಾಬರಿ ಬೇಡ. ಆ ಹೆಚ್ಚಿನ ಹದಿನೈದು ಭಾಷಣದ್ದು.

ಅಂದಹಾಗೆ, ಕೊಟ್ಟ ಟಿ-ಶರ್ಟನ್ನು ಅಂದೇ ತೊಡಬೇಡಿ. ತೊಳೆಯದ ಪಾಲಿಸ್ಟರ್, ಎದೆಯ ಮೇಲೆ ರಬ್ಬರಿನಂಥ ದಪ್ಪ ಮುದ್ರೆ. ಬೆವರು ಒಣಗಿ ಉಪ್ಪು ಕಟ್ಟಿದ ಮೇಲೆ ಮೊಲೆತೊಟ್ಟು ಉಜ್ಜಿ ರಕ್ತವೂ ಬಂದೀತು. ತೊಡಲೇಬೇಕೆಂದರೆ ವ್ಯಾಸಲೀನ್ ಸವರಿಕೊಳ್ಳಿ. ಉರಿ ಎಷ್ಟು ಎಂಬುದು ಎದೆಯ ಮೇಲೆ ಯಾರ ಫೋಟೋ ಅಚ್ಚಾಗಿದೆ ಎಂಬುದರ ಮೇಲೆ.

ಸಂಘಟಕರನ್ನಷ್ಟೇ ಅಂದರೆ ನ್ಯಾಯವಲ್ಲ. ಓಡುವ ನಾವೇನು ಕಮ್ಮಿ? ಮೊದಲೆಲ್ಲ ಉಣಕಲ್ ಕೆರೆಯ ಹತ್ತಿರ ಓಡಿ ಬಂದವರನ್ನು "ಹೆಂಗಾತ್ರಿ?" ಎಂದರೆ "ಚೊಲೋ ಆತ್ರಿ, ತಂಪಿತ್ತು" ಎನ್ನುತ್ತಿದ್ದರು. ಈಗ "ಐದು ಐವತ್ತೆಂಟು" ಎನ್ನುತ್ತಾರೆ. ಕಿಲೋಮೀಟರಿಗೆ 5 ನಿಮಿಷ 58 ಸೆಕೆಂಡು ಎಂದರ್ಥ. ಆರರ ಒಳಗಿದ್ದರೆ ಓಟಗಾರ, ಆರು ದಾಟಿದರೆ ಸಕ್ಕರೆ ಕಾಯಿಲೆಗೆ ಡಾಕ್ಟರು ನಡೆಯಲು ಹೇಳಿದ ಗಿರಾಕಿ. 5:58ಕ್ಕೂ 6:02ಕ್ಕೂ ಹತ್ತು ಕಿಲೋಮೀಟರಿನಲ್ಲಿ ಬೀಳುವ ವ್ಯತ್ಯಾಸ ನಲವತ್ತು ಸೆಕೆಂಡು, ಎರಡು ಸಲ ಲೇಸು ಕಟ್ಟಿಕೊಳ್ಳುವಷ್ಟು ಹೊತ್ತು. ಲೇಸು ಕಟ್ಟಿದ್ದೂ ಲೆಕ್ಕಕ್ಕಿಲ್ಲ, ಗಡಿಯಾರದಲ್ಲಿ ಆಟೋ ಪಾಜ್ ಇದೆ. ನೀವು ನಿಂತರೆ ಅದೂ ನಿಲ್ಲುತ್ತದೆ. ಲೇಸು ಕಟ್ಟಿ, ನೀರು ಕುಡಿದು, ಫೋನಿನಲ್ಲಿ ಮಾತಾಡಿ, ಸಿಗ್ನಲ್ಲಿನಲ್ಲಿ ಸೊಂಟಕ್ಕೆ ಕೈಕೊಟ್ಟು ಏದುಸಿರು ಇಳಿಸಿಕೊಂಡು 68 ನಿಮಿಷಕ್ಕೆ ಮುಗಿಸಿದ ಓಟ ಆ್ಯಪಿನಲ್ಲಿ 59:40 ಎಂದು ಹೊಳೆಯುತ್ತದೆ. ಸ್ಪರ್ಧೆಯ ದಿನ ಎದೆಗೆ ಸಿಕ್ಕಿಸುವ ನಂಬರು ಚೀಟಿಯ (ಬಿಬ್) ಹಿಂದಿನ, ಹೊತ್ತು ಎಣಿಸುವ ಚಿಪ್ಪಿಗೆ ಈ ಔದಾರ್ಯ ಇಲ್ಲ. ಅವತ್ತು 66 ಬರುತ್ತದೆ. ಆಗ ಕೇಳಬೇಕು, "ಕೋರ್ಸೇ ಉದ್ದ ಇತ್ತ್ರಿ, ನನ್ನ ವಾಚಿನಾಗ ಹತ್ತು ಪಾಯಿಂಟ್ ಹದಿನೆಂಟು ಬಂತು."

ರಸ್ತೆ ಅಳೆಯಲು ಒಂದು ಕ್ರಮ ಇದೆ. ಸೈಕಲ್ಲಿನ ಮುಂದಿನ ಗಾಲಿಗೆ ಸುತ್ತು ಎಣಿಸುವ ಯಂತ್ರ ಕೂರಿಸಿ, ಉಕ್ಕಿನ ಟೇಪಿನಿಂದ ಅಳೆದ ನೇರ ರಸ್ತೆಯ ಮೇಲೆ ಮೊದಲು ಅದನ್ನು ಒರೆಗೆ ಹಚ್ಚುತ್ತಾರೆ. ಆಮೇಲೆ ಓಟಗಾರ ಹಿಡಿಯಬಹುದಾದ ಅತಿ ಹತ್ತಿರದ ದಾರಿಯಲ್ಲಿ, ತಿರುವಿನ ಅಂಚಿಗೆ 30 ಸೆಂಟಿಮೀಟರ್ ಬಿಟ್ಟು ಅಳೆಯುತ್ತಾರೆ. ಕೊನೆಗೆ ಕಿಲೋಮೀಟರಿಗೆ 1 ಮೀಟರ್ ಕೊಸರು ಹಾಕುತ್ತಾರೆ, ಅಪ್ಪಿತಪ್ಪಿಯೂ ಕಮ್ಮಿ ಬೀಳಬಾರದೆಂದು. ನಮ್ಮಲ್ಲಿ ಅಳೆಯುವುದು ಸಂಘಟಕರ ಬೈಕಿನ ಮೀಟರು. ಓಡುವವನು ತಿರುವನ್ನು ಅಗಲಕ್ಕೆ ಹೊಡೆದು, ಮುಂದಿನವರನ್ನು ದಾಟಲು ಅತ್ತಿಂದಿತ್ತ ಸರಿದು, ನೀರಿನ ಟೇಬಲ್ಲಿಗೆ ಅಡ್ಡ ಹೋಗಿ ನೂರಿನ್ನೂರು ಮೀಟರ್ ತಾನೇ ಕೂಡಿಸಿಕೊಂಡಿರುತ್ತಾನೆ. ಚನ್ನಮ್ಮ ಸರ್ಕಲ್ಲಿನ ಫ್ಲೈಓವರ್ ಕಂಬಗಳ ನಡುವೆ ಹೋದರಂತೂ ಗಡಿಯಾರ ನಂಬಿಕೊಂಡ ಉಪಗ್ರಹದ ಸಂಕೇತ ಕಾಂಕ್ರೀಟಿಗೆ ಬಡಿದು ಚದುರಿ, ನೀವು ಎದುರಿನ ಅಂಗಡಿಯ ಗೋಡೆ ಹಾಯ್ದು ಓಡಿದಂತೆ ನಕ್ಷೆ ಬರುತ್ತದೆ. ಬೈಕಿನ ಮೀಟರು ಮತ್ತು ಮುಂಗೈ ಗಡಿಯಾರ, ಎರಡು ಸುಳ್ಳುಗಳ ವ್ಯಾಜ್ಯ. ತೀರ್ಪು ಹೇಳುವವರಿಲ್ಲ.

ಕೆರೆಯ ದಡಕ್ಕೇ ಬರೋಣ. ಗೇಟಿನ ಬಳಿ ಸ್ಕೂಟರ್ ನಿಲ್ಲಿಸಿದ ಒಬ್ಬರು ಆ ಸ್ಕೂಟರಿನ ಸುತ್ತ ಪ್ರದಕ್ಷಿಣೆ ಹಾಕುತ್ತಿರುತ್ತಾರೆ. ವಾಹನ ಪೂಜೆಯಲ್ಲ. ಗಡಿಯಾರ 9.93 ತೋರಿಸುತ್ತಿದೆ, ಹತ್ತು ಆಗದೆ ಮನೆಗೆ ಹೋಗುವಂತಿಲ್ಲ. ಬೇಕಾದದ್ದು 70 ಮೀಟರ್. ನಾಲ್ಕು ಮೀಟರ್ ಅಡ್ಡಳತೆಯ ಸುತ್ತು ಅಂದರೆ ಹನ್ನೆರಡೂವರೆ ಮೀಟರ್, ಆರು ಸುತ್ತಿಗೆ ಮುಗಿಯಬೇಕು. ಮುಗಿಯುವುದಿಲ್ಲ, ಏಕೆಂದರೆ ಬಯಲಿನಲ್ಲೂ ಜಿಪಿಎಸ್ ಮೂರು-ನಾಲ್ಕು ಮೀಟರ್ ಆಚೀಚೆ ತೋರಿಸುತ್ತದೆ. ಇಷ್ಟು ಸಣ್ಣ ಸುತ್ತು ಅದರ ಪಾಲಿಗೆ ನಿಂತಂತೆಯೇ. ಇವರು ತಿರುಗುತ್ತಾರೆ, ಗಡಿಯಾರ ಆಟೋ ಪಾಜ್ ಆಗಿ ಸುಮ್ಮನಿರುತ್ತದೆ. ಎಂಟನೇ ಸುತ್ತಿಗೆ ಒಂದು ನಾಯಿ ಜೊತೆಯಾಗುತ್ತದೆ. ಅದರ ದೆಸೆಯಿಂದ ಕೊನೆಯ ಐವತ್ತು ಮೀಟರ್ ನೇರಕ್ಕೆ ಹೋಗುತ್ತದೆ, ವೇಗವೂ ಚೆನ್ನಾಗಿ ಬರುತ್ತದೆ.

ಮೋಸಕ್ಕೂ ಒಂದು ಪರಂಪರೆ ಇದೆ. 1980ರಲ್ಲಿ ಬಾಸ್ಟನ್ ಮ್ಯಾರಥಾನಿನ ಮಹಿಳಾ ವಿಭಾಗ ಗೆದ್ದ ರೋಸಿ ರೂಯಿಸ್ ಓಡಿದ್ದು ಕೊನೆಯ ತುಣುಕು ಮಾತ್ರ ಎಂದು ಗೊತ್ತಾಗಿ ಗೆಲುವನ್ನು ಕಿತ್ತುಕೊಂಡರು. ಅದಕ್ಕೂ ಮೊದಲು ನ್ಯೂಯಾರ್ಕ್‌ನ ಓಟದಲ್ಲಿ ಆಕೆ ಸುರಂಗ ರೈಲು ಹತ್ತಿದ್ದೂ ಹೊರಬಿತ್ತು. 2024ರಲ್ಲಿ ಇಂಡೊನೇಷ್ಯಾದಲ್ಲಿ ಕೂಲಿ ತೆಗೆದುಕೊಂಡು ಓಟ ದಾಖಲಿಸುವ ಸ್ಟ್ರಾವಾ ಆ್ಯಪಿನಲ್ಲಿ ಬೇರೆಯವರ ಖಾತೆಗೆ ಓಡಿಕೊಡುವ ಹುಡುಗರು ಸುದ್ದಿಯಾದರು. ಅವರಿಗೆ ಅಲ್ಲಿ ಜೋಕಿ ಎನ್ನುತ್ತಾರಂತೆ. ನಮ್ಮಲ್ಲೂ ಬರಲಿ, ಧಾರವಾಡದ ಎಷ್ಟೋ ಹುಡುಗರಿಗೆ ಒಂದು ಕೆಲಸ ಅಂತ ಆದೀತು.

ನಮಗೆ ಸುರಂಗ ರೈಲಿಲ್ಲ, ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿದೆ. ಬಸ್ಸಿಗೆ ಆ ಹೆಸರಿಟ್ಟವರು ಜಾಣರು. ನಿಜವಾದ ಚಿಗರಿ, ಅಂದರೆ ಕೃಷ್ಣಮೃಗ, ನೋಡಬೇಕೆಂದರೆ ರಾಣೆಬೆನ್ನೂರಿಗೆ ಹೋಗಿ, 1974ರಿಂದ ಅಲ್ಲಿ ಅಭಯಾರಣ್ಯ ಇದೆ. ದಿನದ ಹೆಚ್ಚು ಹೊತ್ತು ಅದು ಮೇಯುತ್ತದೆ, ನೆರಳಲ್ಲಿ ಮಲಗುತ್ತದೆ, ಹಾಯಾಗಿ ಹೆಜ್ಜೆ ಹಾಕುತ್ತದೆ. ತೋಳ ಬಂದರೆ ಮಾತ್ರ ಕಣ್ಣಿಗೆ ಕಾಣದಂತೆ ಹಾರುತ್ತದೆ. ಅದಕ್ಕೆ ಗೊತ್ತಿರುವುದು ಎರಡೇ ಗೇರು. ತೋಳ ಇಲ್ಲದ ದಿನವೂ ಅರ್ಧ ತೋಳ ಬೆನ್ನುಹತ್ತಿದ ವೇಗದಲ್ಲಿ ಓಡುವ ಪ್ರಾಣಿ ಮನುಷ್ಯ ಮಾತ್ರ.

ತಮಾಷೆಯಲ್ಲ, ಕಾಲು ಕೆಡುವುದು ಇಲ್ಲಿಯೇ. ಹತ್ತು ಕಿಲೋಮೀಟರನ್ನು 60 ನಿಮಿಷದಲ್ಲಿ ಓಡುವವರು ಹಗುರ ಓಟದ ದಿನ ಕಿಲೋಮೀಟರಿಗೆ 7:00ರಿಂದ 7:30ರಲ್ಲಿ ಓಡಬೇಕು. ಓಡುವುದು 6:20ರಲ್ಲಿ. ಉಸಿರು ಬೆಳೆಯುವಷ್ಟು ಜೋರಲ್ಲ, ದಣಿವು ಆರುವಷ್ಟು ಮೆಲ್ಲಗೂ ಅಲ್ಲ. ಮಂಗಳವಾರದ 800 ಮೀಟರ್ ಆರು ಸಲ ಓಡುವ ದಿನ ಬಂದಾಗ ಕಾಲಲ್ಲಿ ಜೀವ ಇರುವುದಿಲ್ಲ, ಮೂರನೆಯದಕ್ಕೇ ಮುಗ್ಗರಿಸುತ್ತಾರೆ. ಉಸಿರು ಕೆಲವೇ ವಾರದಲ್ಲಿ ಸುಧಾರಿಸಿ ಇನ್ನೂ ಓಡು ಎನ್ನುತ್ತದೆ. ಮೂಳೆ, ನರಕಟ್ಟುಗಳು ಗಟ್ಟಿಯಾಗಲು ತಿಂಗಳುಗಳು ಬೇಕು. ಅದರಲ್ಲೂ ಮೂಳೆ ಹಳೆಯದನ್ನು ಮೊದಲು ಕೆಡವಿ ಆಮೇಲೆ ಕಟ್ಟುತ್ತದೆ, ನಡುವಿನ ವಾರಗಳಲ್ಲಿ ಮೊದಲಿಗಿಂತ ಸೊರಗಿರುತ್ತದೆ. ಮೊಣಕಾಲ ಕೆಳಗಿನ ಮುಂಗಾಲೆಲುಬು ನೋಯುವುದು, ಬೆಳಿಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹೆಜ್ಜೆಗೆ ಹಿಮ್ಮಡಿ ಚುಚ್ಚುವುದು ಆಗಲೇ.

ಹಗುರ ಅಂದರೆ ಎಷ್ಟು ಎಂದು ಗಡಿಯಾರವನ್ನು ಕೇಳಬೇಡಿ. ಹೃದಯದ ಗರಿಷ್ಠ ಬಡಿತ ತಿಳಿಯಲು 220ರಲ್ಲಿ ವಯಸ್ಸು ಕಳೆಯುವ ಸೂತ್ರ ಒಬ್ಬೊಬ್ಬರಿಗೆ ಹತ್ತು-ಹನ್ನೆರಡು ಬಡಿತ ಆಚೀಚೆ ಆಗುವುದು ಮಾಮೂಲು. ಪಟ್ಟಿ ಸಡಿಲಿದ್ದರೆ ಮುಂಗೈ ಗಡಿಯಾರದ ಅಡಿಯ ಹಸಿರು ದೀಪ ನಾಡಿಯ ಬದಲು ನಿಮ್ಮ ಹೆಜ್ಜೆಯನ್ನೇ ಎಣಿಸಿ 170 ಎನ್ನುತ್ತದೆ. ಜೊತೆಗಾರನ ಹತ್ತಿರ ಧಾರವಾಡದ ಅಸಲಿ ಫೇಡೆ ಯಾವ ಅಂಗಡಿಯದು ಎಂದು ವಾದ ತೆಗೆಯಿರಿ. ಪೂರಾ ವಾಕ್ಯದಲ್ಲಿ ವಾದಿಸಲು ಬಂದರೆ ವೇಗ ಸರಿ. ಬರೀ "ಹೂಂ" ಅನ್ನುವಂತಾದರೆ ಜೋರಾಯಿತು. ವಾರಕ್ಕೆ ಜೋರಿನದು ಒಂದೋ ಎರಡೋ ಸಾಕು, ಉಳಿದ ದಿನವೆಲ್ಲ ಫೇಡೆ. ಒಂದು ದಿನವಾದರೂ ಗಡಿಯಾರ ಮನೆಯಲ್ಲಿ ಬಿಟ್ಟು ಹೋಗಿ. ಸಾಧನಕೇರಿಯ ಕಡೆ ಓಡಿ ಬಂದು "ಎಷ್ಟಾತು ಗೊತ್ತಿಲ್ರಿ" ಅಂದುನೋಡಿ, ಸ್ನೇಹಿತರು ನಿಮ್ಮ ಮನೆಯವರಿಗೆ ಫೋನ್ ಮಾಡಿ ಆರೋಗ್ಯ ವಿಚಾರಿಸುತ್ತಾರೆ.

ಅಟ್ಟೆಯೊಳಗೆ ಕಾರ್ಬನ್ ತಟ್ಟೆ ಕೂರಿಸಿದ ಇಪ್ಪತ್ತು ಸಾವಿರದ ಶೂ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಳೆಗಾಲದಲ್ಲಿ ಗದಗ ಕಡೆಯ ಎರೆ ಮಣ್ಣಿನಲ್ಲಿ ನೂರು ಮೀಟರ್ ಓಡಿ, ಒಂದೊಂದು ಶೂಗೆ ಅರ್ಧ ಕಿಲೋ ಮಣ್ಣು ಹತ್ತಿರುತ್ತದೆ. ತಟ್ಟೆ ಎಲ್ಲಿದೆ ಎಂದು ಆಮೇಲೆ ಹುಡುಕಿ.

ಸೆಕೆಂಡು ನಿಜವಾಗಿ ಬೇಕಾದವರು ಬೇರೆ ಇದ್ದಾರೆ. ಧಾರವಾಡದಲ್ಲಿ ಬಾಡಿಗೆ ಕೋಣೆ ಹಿಡಿದು ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು. ಪೊಲೀಸ್ ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಯಲ್ಲಿ ಹುಡುಗರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಬೇಕು, ಹುಡುಗಿಯರು 400 ಮೀಟರನ್ನು 2 ನಿಮಿಷದೊಳಗೆ. ಹುಡುಗರಿಗೆ ಅಂದರೆ 400 ಮೀಟರಿನ ಒಂದೊಂದು ಸುತ್ತಿಗೆ 97 ಸೆಕೆಂಡಿನಂತೆ ನಾಲ್ಕು ಸುತ್ತು. ಮೊದಲ ಸುತ್ತನ್ನು ಹುರುಪಿನಲ್ಲಿ 80ಕ್ಕೆ ಹೊಡೆದವನು ಮೂರನೆಯದರಲ್ಲಿ ಕುಸಿಯುತ್ತಾನೆ. ಇದನ್ನು ಹೇಳಿಕೊಡುವವರೂ ಎಲ್ಲರಿಗೂ ಇಲ್ಲ. 6:31 ಬಂದರೆ ಕೋರ್ಸ್ ಉದ್ದ ಇತ್ತು ಎನ್ನುವ ಹಾಗಿಲ್ಲ, ಬಸ್ಸು ಹತ್ತಬೇಕು. ಬಾಯಿ ಬಿಟ್ಟ ಕ್ಯಾನ್ವಾಸ್ ಶೂನಲ್ಲಿ, ಕೆಲವರು ಬರಿಗಾಲಲ್ಲಿ, ನಸುಕಿನಲ್ಲೇ ಓಡುತ್ತಾರೆ. ವಯೋಮಿತಿ ಓಡುತ್ತದೆ, ಅಧಿಸೂಚನೆ ತೆವಳುವುದೂ ಇಲ್ಲ. ಜಾಗೃತಿ ಮ್ಯಾರಥಾನಿಗೆ ಜನ ತುಂಬಿಸಬೇಕಾದಾಗ ಟಿ-ಶರ್ಟು, ಉಪ್ಪಿಟ್ಟು ಕೊಟ್ಟು ಕರೆಯುವುದು ಇವರನ್ನೇ. ಯಾರ ಜಾಗೃತಿಗೆ ಯಾರು ಓಡಬೇಕು? ನಾಚಿಕೆ ಅನ್ನುವುದು ಬೇಡವೇ?

ಜಾಗೃತಿ ಓಟಕ್ಕೆ ಮೂರು ದಿನ ಮೊದಲೇ ಪೆಂಡಾಲ್ ಹಾಕಲು ಇವರು ಓಡುವ ಗ್ರೌಂಡು ಬಂದ್ ಆಗಿತ್ತು. ಈಗ ಪೆಂಡಾಲ್ ಬಿಚ್ಚಿದ್ದಾರೆ. ಗೂಟ ಕಿತ್ತ ಗುಂಡಿಗಳನ್ನು ಮುಚ್ಚಿಲ್ಲ, ಕಾರಿನ ಗಾಲಿ ಇಳಿದಲ್ಲಿ ಗೆರೆ ಬಿದ್ದಿದೆ. ಕತ್ತಲಲ್ಲಿ ಓಡುವವರು ಬಾಗಿಲಿನಿಂದ ಎರಡನೇ ತಿರುವಿನವರೆಗೆ ಒಳಗಿನ ಲೇನ್ ಬಿಟ್ಟು ಓಡಿ. ಒಂದೊಂದು ಗುಂಡಿ ಹಿಮ್ಮಡಿ ಪೂರ್ತಿ ಇಳಿಯುವಷ್ಟು ಆಳ ಇದೆ.