ಎರವಲು ಹೋದ ಹಾಡುಗಳು

ಪುಸ್ತಕ ಒಯ್ದು ವಾಪಸು ಕೊಡದವರನ್ನು ನಾನು ಬಹಳ ವರ್ಷ ಮನಸ್ಸಿನಲ್ಲೇ ಬೈದುಕೊಂಡು ಬಂದವನು. ನನ್ನ ಕಪಾಟಿನಲ್ಲಿ ಹಲ್ಲು ಬಿದ್ದಂಥ ಜಾಗಗಳು ಮೂರ್ನಾಲ್ಕಿವೆ. ಆದರೆ ಈಚೆಗೆ ಒಂದಿಷ್ಟು ಹಳೇ ಹಾಡು ಕೇಳತೊಡಗಿದ ಮೇಲೆ ಆ ಸಿಟ್ಟು ಸ್ವಲ್ಪ ಇಳಿದಿದೆ.

ಹಾಡುಗಳು ಸ್ಪೇನಿನ ಬಾರ್ಸಿಲೋನಾ ಹತ್ತಿರದ ಮೊಂಟ್ಸೆರಾಟ್ ಬೆಟ್ಟದವು. ಅಲ್ಲಿನ ಮಠದಲ್ಲಿ ಸುಮಾರು 1399ರ ಒಂದು ಹಸ್ತಪ್ರತಿ ಇದೆ. 'ಲ್ಯಿಬ್ರೆ ವೆರ್ಮೆಲ್', ಅಂದರೆ ಕ್ಯಾಟಲನ್ ಭಾಷೆಯಲ್ಲಿ ಕೆಂಪು ಪುಸ್ತಕ. ಕೆಂಪು ಮಖಮಲ್ಲಿನ ಹೊದಿಕೆ ಹಾಕಿದ್ದು 19ನೇ ಶತಮಾನದಲ್ಲಿ. ಅಂಗಿಯ ಬಣ್ಣವೇ ಹೆಸರಾಯಿತು. ಒಳಗೆ ಉಳಿದಿರುವುದು ಹತ್ತೇ ಹಾಡು.

ಬೆಟ್ಟದ ಮೇಲಿನ ಕಪ್ಪು ಮೇರಿ ಮಾತೆಯನ್ನು ನೋಡಲು ಬಂದ ಯಾತ್ರಿಕರು ರಾತ್ರಿ ಚರ್ಚಿನಲ್ಲೇ ಜಾಗರಣೆ ಮಾಡುತ್ತಿದ್ದರು. ಜಾಗರಣೆ ಅಂದ ಮೇಲೆ ಗೊತ್ತಲ್ಲ, ಕಣ್ಣು ಎಳೆಯುತ್ತದೆ. ನಿದ್ದೆ ಓಡಿಸೋಕೆ ಹಾಡಬೇಕು, ಕುಣಿಯಬೇಕು. ನಡುರಾತ್ರಿ ಎರಡು ಗಂಟೆಗೆ ಜನರ ಬಾಯಿಗೆ ಎಂಥೆಂಥ ಹಾಡು ಬರುತ್ತವೆ ಅನ್ನೋದನ್ನು ಶಿವರಾತ್ರಿ ಕಂಡವರಿಗೆ ಹೇಳಬೇಕಾಗಿಲ್ಲ. ಮಠದವರು ಜಾಣರು. ಕುಣಿಯಬೇಡಿ ಅನ್ನಲಿಲ್ಲ, ಮರ್ಯಾದೆಯ ಹಾಡು ಬರೆದುಕೊಟ್ಟರು. ಯಾಕೆ ಬರೆದೆವು ಅನ್ನೋದನ್ನೂ ಲ್ಯಾಟಿನ್‌ನಲ್ಲಿ ಅಲ್ಲೇ ಹೇಳಿದ್ದಾರೆ. ಪ್ರಾರ್ಥನೆಗೆ ಕೂತವರಿಗೆ ತೊಂದರೆ ಆಗಬಾರದು ಅನ್ನೋ ಎಚ್ಚರಿಕೆ ಬೇರೆ!

ನಾನು ಕೇಳುವುದು ಹಳೇ ಯುರೋಪಿನ ಸಂಗೀತ ನುಡಿಸುವ ಕ್ಯಾಟಲನ್ ಕಲಾವಿದ ಜೋರ್ಡಿ ಸವಾಲ್ ತಂಡದವರು ಹಾಡಿದ್ದನ್ನು. ಮೊದಲ ಹಾಡಿನಲ್ಲಿ ಒಂದು ದನಿ ಹೊರಡುತ್ತದೆ. ಸ್ವಲ್ಪ ಹೊತ್ತಿಗೆ ಇನ್ನೊಂದು ದನಿ ಅದೇ ಸಾಲು ಹಿಡಿದು ಬೆನ್ನಟ್ಟುತ್ತದೆ. ಕಲ್ಲಿನ ಗೋಡೆಗಳ ನಡುವೆ ಯಾವುದು ದನಿ, ಯಾವುದು ಮಾರ್ದನಿ ತಿಳಿಯಲ್ಲ. ಹಸ್ತಪ್ರತಿಯಲ್ಲಿ ಸ್ವರ ಇದೆ. ಎಷ್ಟು ಬೇಗ ಹಾಡಬೇಕು, ಯಾವ ವಾದ್ಯ ನುಡಿಸಬೇಕು ಅನ್ನೋದು ಇಲ್ಲ. ಹಾಗಾಗಿ ಒಂದೊಂದು ತಂಡದ್ದು ಒಂದೊಂದು ಊಹೆ. ಕೆಲವರು ಡೋಲು ಬಾರಿಸಿ ಜಾತ್ರೆ ಮಾಡುತ್ತಾರೆ, ಕೆಲವರು ಬರೀ ಕಂಠದಲ್ಲಿ ಹಾಡುತ್ತಾರೆ. ನನ್ನ ಓಟು ಡೋಲಿಗೆ. ಕಾಲು ನೋಯಿಸಿಕೊಂಡು ಬೆಟ್ಟ ಹತ್ತಿ ಬಂದವರು ಅಷ್ಟು ನಾಜೂಕಾಗಿ ಹಾಡಿರಲಾರರು, ಅಲ್ವಾ?

ಕೊನೆಯ ಹಾಡಿನ ತಮಾಷೆಯೇ ಬೇರೆ. 'ನಾವು ಸಾವಿನ ಕಡೆಗೆ ಓಡುತ್ತಿದ್ದೇವೆ, ಇನ್ನು ಪಾಪ ಬಿಡೋಣ' ಅನ್ನೋ ಅರ್ಥದ ಪಲ್ಲವಿ. ಧಾಟಿ ಮಾತ್ರ ಮದುವೆ ಮನೆಯದು. ಅಮ್ಮ ಹುರುಳಿಕಾಯಿ ಸೋಸುತ್ತಾ ಅದಕ್ಕೆ ತಲೆ ತೂಗುತ್ತಿದ್ದಳು. ಅರ್ಥ ಹೇಳಿದೆ. "ಸರಿಯಾಗೇ ಹೇಳಿದ್ದಾರೆ ಬಿಡು" ಅಂದು ಇನ್ನೊಂದು ಕಾಯಿ ಮುರಿದಳು.

ಎರವಲಿನ ವಿಷಯಕ್ಕೆ ಬರುತ್ತೇನೆ. 1811ರಲ್ಲಿ ನೆಪೋಲಿಯನ್‌ನ ಸೈನ್ಯ ಮಠಕ್ಕೆ ಬೆಂಕಿ ಹಚ್ಚಿತು. ಅಲ್ಲಿನ ಪುಸ್ತಕ ಭಂಡಾರ ಹಾಳಾಯಿತು. ಕೆಂಪು ಪುಸ್ತಕ ಮಾತ್ರ ಆಗ ಮಠದಲ್ಲಿ ಇರಲೇ ಇಲ್ಲ. ಲಿಯೋ ಎಂಬಲ್ಲಿನ ಮಾರ್ಕ್ವಿಸ್, ಅಂದರೆ ದೊಡ್ಡ ಬಿರುದಿನ ಶ್ರೀಮಂತರೊಬ್ಬರು, ಓದಲು ಒಯ್ದವರು ವಾಪಸು ಕೊಟ್ಟಿರಲಿಲ್ಲ. ಅದು ಮಠಕ್ಕೆ ಮರಳಿದ್ದು 1885ರಲ್ಲಿ. ಆ ಎಪ್ಪತ್ತು ಚಿಲ್ಲರೆ ವರ್ಷದಲ್ಲಿ ಎಷ್ಟು ಸಲ ಯಾರು ಅವರನ್ನು ಬೈದಿದ್ದರೋ!

ಮೊನ್ನೆ ಪಕ್ಕದ ಮನೆಯವರು ಒಂದು ಕಾದಂಬರಿ ಕೇಳಿದರು. ನಗುನಗುತ್ತಲೇ ಕೊಟ್ಟೆ. ಹೆಸರು, ತಾರೀಕು ಮಾತ್ರ ಡೈರಿಯಲ್ಲಿ ಬರೆದಿಟ್ಟಿದ್ದೇನೆ.