43 ಸತ್ತ ಸೆಲ್ಲುಗಳು

ನಮ್ಮ ಮನೆಯ ಹಳೆ ಹಾರ್ಲಿಕ್ಸ್ ಡಬ್ಬಿಯಲ್ಲಿ 43 ಸೆಲ್ಲುಗಳಿವೆ. ಟಿವಿ ರಿಮೋಟಿನವು, ಗಡಿಯಾರದವು, ಮಗನ ರೈಲಿನವು. ಎಲ್ಲವೂ ಸತ್ತಿವೆ. ಸಂಸ್ಕಾರ ಮಾಡಿಸೋಣ ಅಂತ ಎರಡು ವರ್ಷದಿಂದ ಅಲೆಯುತ್ತಿದ್ದೇನೆ. ಹೆಣ ತಗೊಳ್ಳೋರೇ ಇಲ್ಲ.

ಕಾನೂನೇನೋ ಇದೆ. 2001ರ ನಿಯಮದ ಕಣ್ಣಿಗೆ ಕಾರು, ಯುಪಿಎಸ್‌ಗಳ ಸೀಸದ ಬ್ಯಾಟರಿ ಮಾತ್ರ ಬೀಳುತ್ತಿತ್ತು. 2022ರ ಆಗಸ್ಟಿನಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿಯಮ ನನ್ನ ಪೆನ್ಸಿಲ್ ಸೆಲ್ಲನ್ನೂ ಬಿಟ್ಟಿಲ್ಲ. ಮನೆ ಕಸಕ್ಕೆ ಸೇರಿಸಬಾರದು, ಬೇರೆಯಾಗಿ ಕೊಡಬೇಕು. ಅದರ ಗುರುತು, ಗಾಲಿ ಇರುವ ಕಸದ ಡಬ್ಬಕ್ಕೆ ಅಡ್ಡಗೀಟು. ಎಲ್ಲಿ ಹಾಕಬಾರದು ಅನ್ನೋದಕ್ಕೆ ಚಿತ್ರ ಸಿಕ್ಕಿತು. ಎಲ್ಲಿ ಹಾಕಬೇಕು ಅನ್ನೋದನ್ನು ಬರೆಯುವಷ್ಟರಲ್ಲಿ ಇಂಕು ಮುಗಿದಿರಬೇಕು.

ಕಸದ ಗಾಡಿಯವನು ಕೇಳಿದ, "ಹಸಿ ಕಸಾನಾ, ಒಣ ಕಸಾನಾ?" ಹೊರಗೆ ತಗಡು, ಒಳಗೆ ಒದ್ದೆ ಪೇಸ್ಟು. ಏನು ಹೇಳಲಿ? ನಾನು ಯೋಚಿಸುತ್ತಿದ್ದಂತೆ ಗಾಡಿ ಮುಂದೆ ಹೋಯಿತು. ಯುಪಿಎಸ್ ಬ್ಯಾಟರಿ ಇದೆ ಅಂದಾಗ ಚಪ್ಪಲಿ ಬಿಟ್ಟು ಓಡಿ ಬಂದಿದ್ದ ಗುಜರಿಯವನು ಡಬ್ಬಿ ನೋಡಿ, "ಇದಕ್ಕೆ ನೀವೇ ದುಡ್ಡು ಕೊಡಬೇಕು ಸಾರ್" ಅಂದ. ಹಳೆ ಸೆಲ್ಲುಗಳಿಂದ ಲೋಹ ವಾಪಸ್ ತೆಗೆಯುವ ಒಂದು ಕಾರ್ಖಾನೆಗೆ ಫೋನ್ ಮಾಡಿದೆ. "ಎಷ್ಟು ಟನ್ ಇದೆ?" ಅಂದರು. ಒಂದು ಕೆಜಿಗೂ ಕಡಿಮೆ ಅಂತ ಹೇಳಲು ನಾಚಿಕೆಯಾಯಿತು.

ಅವರ ಕೈಗೆ ಸಿಕ್ಕಿದ್ದರೆ ಆಗುತ್ತಿದ್ದ ಕೆಲಸ ಸೊಗಸಾದದ್ದು. ಸೆಲ್ಲನ್ನು ಪುಡಿ ಮಾಡಿ, ಕಬ್ಬಿಣದ ತಗಡನ್ನು ಅಯಸ್ಕಾಂತದಲ್ಲಿ ಎತ್ತುತ್ತಾರೆ. ಉಳಿದ ಕಪ್ಪು ಪುಡಿಯನ್ನು ತೊಳೆದು ಗಂಧಕಾಮ್ಲಕ್ಕೆ ಹಾಕಿದರೆ ಸತು ಬೇಗ ಕರಗುತ್ತದೆ. ಮ್ಯಾಂಗನೀಸ್ ಡೈಆಕ್ಸೈಡ್ ಮಾತ್ರ ಹಟಮಾರಿ, ಬರೀ ಆಮ್ಲಕ್ಕೆ ಬಗ್ಗೋದಿಲ್ಲ. ಅದಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಕೊಡಬೇಕು, ಇಲ್ಲವೇ ಸಿಹಿ ತಿನ್ನಿಸಬೇಕು. ತಮಾಷೆ ಅಲ್ಲ, ಸಕ್ಕರೆ ಕಾರ್ಖಾನೆಯ ಕಾಕಂಬಿಗೂ ಅದು ಕರಗುತ್ತದೆ. ಆಮೇಲೆ ದ್ರಾವಣ ಶುದ್ಧ ಮಾಡಿ ಕರೆಂಟು ಹಾಯಿಸಿದರೆ ಒಂದು ಫಲಕಕ್ಕೆ ಸತು ಅಂಟುತ್ತದೆ, ಇನ್ನೊಂದಕ್ಕೆ ಮ್ಯಾಂಗನೀಸ್ ಡೈಆಕ್ಸೈಡ್. (ಚಿಕ್ಕವರಿದ್ದಾಗ ನಾವೂ ಸೆಲ್ ಒಡೆದು ಕಪ್ಪು ಕಡ್ಡಿ ತೆಗೆದು ನೆಲದ ಮೇಲೆ ಬರೆಯುತ್ತಿದ್ದೆವು. ಲೈಸೆನ್ಸ್ ಇರಲಿಲ್ಲ.)

ನಿಯಮ ಕೊಟ್ಟ ಗುರಿಯೂ ಭರ್ಜರಿ. ಇಂಥ ಸಣ್ಣ ಬ್ಯಾಟರಿಗಳ ಒಣ ತೂಕದಲ್ಲಿ 2024-25ಕ್ಕೆ ಶೇಕಡಾ 70, ಮರುವರ್ಷ 80, ಅದರ ಮರುವರ್ಷದಿಂದ 90ರಷ್ಟು ವಸ್ತು ವಾಪಸ್ ತೆಗೆಯಬೇಕು. ಯಾವುದರ 90? ಕಾರ್ಖಾನೆಗೆ ಬಂದದ್ದರ. ಬಾರದೆ ಹಾರ್ಲಿಕ್ಸ್ ಡಬ್ಬಿಯಲ್ಲಿ ಕೂತದ್ದು ಈ ಲೆಕ್ಕಕ್ಕೇ ಇಲ್ಲ. ಶಾಲೆಗೆ ಬಾರದ ಮಕ್ಕಳನ್ನು ಬಿಟ್ಟು ಫಲಿತಾಂಶ ತೆಗೆದ ಹಾಗೆ.

ಅತ್ತ ಸಂಡೂರಿನಲ್ಲಿ ಇದೇ ಮ್ಯಾಂಗನೀಸಿಗೆ ಗುಡ್ಡ ಅಗೆಯುತ್ತಾರೆ, ರಾಜಸ್ಥಾನದಲ್ಲಿ ಇದೇ ಸತುವಿಗೆ ನೆಲ ಕೊರೆಯುತ್ತಾರೆ. ನನ್ನ ಅಡುಗೆಮನೆಯ ಗಣಿಗೆ ಟೆಂಡರ್ ಹಾಕೋರೇ ಇಲ್ಲ. ಇಲ್ಲಿ ಕಾಡು ಕಡಿಯಬೇಕಾಗಿಲ್ಲ, ಡಬ್ಬಿಯ ಮುಚ್ಚಳ ತಿರುಗಿಸಿದರೆ ಸಾಕು.

ಮೊನ್ನೆ ಗೋಡೆ ಗಡಿಯಾರ ನಿಂತಿತು. ಹೆಂಡತಿ ಡಬ್ಬಿಗೆ ಕೈ ಹಾಕಿ, ರೈಲಿನ ಸೆಲ್ಲೊಂದನ್ನು ತೆಗೆದು, ಸೀರೆ ಸೆರಗಿಗೆ ಉಜ್ಜಿ ಹಾಕಿದಳು. ಗಡಿಯಾರ ನಡೆಯಿತು! ರೈಲು ಎಳೆಯಲಾಗದ ಸೆಲ್ಲಿಗೆ ಮುಳ್ಳು ತಿರುಗಿಸುವಷ್ಟು ಜೀವ ಇತ್ತು. 42ಕ್ಕೆ ಇಳಿಯಿತಲ್ಲ ಅಂತ ನಾನು ಹಿಗ್ಗುವಷ್ಟರಲ್ಲಿ, ಗಡಿಯಾರದಿಂದ ತೆಗೆದ ಹಳೆ ಸೆಲ್ಲು ಟಣ್ ಅಂತ ಡಬ್ಬಿಗೆ ಬಿತ್ತು.